ಡೆಂಗಿ ಪಾಸಿಟಿವ್, ಪ್ಲೇಟ್‌ಲೆಟ್ 92,000. ಡಾಕ್ಟರು ಅಡ್ಮಿಟ್ ಬೇಡ ಅಂದರು, ಮನೆಯಲ್ಲಿ ಯಾರೂ ಒಪ್ಪುತ್ತಿಲ್ಲ

ತುಮಕೂರಿನ ಅಮ್ಮ · ಮಂಗಳವಾರ ರಾತ್ರಿ 9:50

ಮಗಳಿಗೆ ಆರು ವರ್ಷ, ತೂಕ 18 ಕೆ.ಜಿ. ಶನಿವಾರ ಸಂಜೆ ಆಟ ಅರ್ಧಕ್ಕೆ ಬಿಟ್ಟು ಬಂದು ಮಲಗಿದಳು, ಮುಟ್ಟಿದರೆ ಮೈ ಕೆಂಡ. 103 ಇತ್ತು. ಕಣ್ಣಿನ ಹಿಂದೆ ನೋವು, ಕಾಲು ನೋವು ಅಂತ ರಾತ್ರಿಯೆಲ್ಲ ಅತ್ತಳು. ನೆಗಡಿ ಇಲ್ಲ, ಕೆಮ್ಮಿಲ್ಲ. ಭಾನುವಾರ ಹತ್ತಿರದ ಕ್ಲಿನಿಕ್ಕಿನಲ್ಲಿ ವಿಡಾಲ್ ಟೆಸ್ಟ್ ಮಾಡಿಸಿ, ಟೈಫಾಯ್ಡ್ ಇರಬಹುದು ಅಂತ ಆ್ಯಂಟಿಬಯೋಟಿಕ್ ಸಿರಪ್ ಕೊಟ್ಟರು. ಜ್ವರ ಇಳಿಯಲಿಲ್ಲ. ಸೋಮವಾರ ಮಕ್ಕಳ ಡಾಕ್ಟರ ಹತ್ತಿರ ಹೋದಾಗ ಡೆಂಗಿಯ ಎನ್‌ಎಸ್1 ಟೆಸ್ಟ್ ಪಾಸಿಟಿವ್ ಬಂತು.

ಸೋಮವಾರ: ಪ್ಲೇಟ್‌ಲೆಟ್ 1,48,000, ಪಿಸಿವಿ 35.
ಇವತ್ತು: ಪ್ಲೇಟ್‌ಲೆಟ್ 92,000, ಪಿಸಿವಿ 36.

ಡಾಕ್ಟರು ಮನೆಯಲ್ಲೇ ನೋಡಿಕೊಳ್ಳಿ, ನೀರಿನಂಶ ಕೊಡಿ, ನಾಳೆ ಮತ್ತೆ ರಕ್ತ ನೋಡೋಣ ಅಂದರು. ಅತ್ತೆಗೆ ಸಮಾಧಾನವಿಲ್ಲ. ಬೆಂಗಳೂರಲ್ಲಿರುವ ಮೈದುನ ಗಂಟೆಗೊಂದು ಸಲ ಫೋನ್ ಮಾಡಿ "ಅತ್ತಿಗೆ, ಬಿಳಿ ರಕ್ತಕಣ ಇಳೀತಾ ಇದೆ, ಇಲ್ಲಿ ದೊಡ್ಡಾಸ್ಪತ್ರೆಗೆ ಕರ್ಕೊಂಡು ಬನ್ನಿ, ಪ್ಲೇಟ್‌ಲೆಟ್ ಹಾಕ್ಸೋಣ" ಅಂತಿದ್ದಾರೆ. ಏನು ಮಾಡಲಿ?

ಪ್ರಕೃತಿ ಪ್ರಿಯ · 10:02

ತಕ್ಷಣ ಪಪ್ಪಾಯಿ ಎಲೆ ರಸ. ದಿನಕ್ಕೆ ಮೂರು ಸಲ. ನಮ್ಮ ಪಕ್ಕದ ಮನೆ ಹುಡುಗನಿಗೆ 40 ಸಾವಿರದಿಂದ ಎರಡೇ ದಿನದಲ್ಲಿ ಒಂದು ಲಕ್ಷ ದಾಟಿತು. ಆಸ್ಪತ್ರೆಯವರು ಇದನ್ನು ಹೇಳಲ್ಲ.

ಲ್ಯಾಬ್ ಹುಡುಗ · 10:09

ಮೊದಲು ಒಂದು ಹೆಸರು ಸರಿ ಮಾಡ್ತೀನಿ, ಕ್ಷಮಿಸಿ, ದಿನಾ ಕೌಂಟರಲ್ಲಿ ಇದೇ ಕೇಳ್ತೀನಿ. ಪ್ಲೇಟ್‌ಲೆಟ್ ಬಿಳಿ ರಕ್ತಕಣ ಅಲ್ಲ. ಬಿಳಿ ರಕ್ತಕಣ ಬೇರೆ, ರೋಗದ ಜೊತೆ ಹೋರಾಡೋದು ಅವು. ಪ್ಲೇಟ್‌ಲೆಟ್ ಅಂದ್ರೆ ರಕ್ತ ಹೆಪ್ಪುಗಟ್ಟೋಕೆ ಬೇಕಾದ ಚೂರುಗಳು. ಡೆಂಗಿಯಲ್ಲಿ ಎರಡೂ ಇಳಿಯುತ್ತೆ, ಅದಕ್ಕೇ ಈ ಗೊಂದಲ.

ಇನ್ನೊಂದು. ಮಕ್ಕಳ ರಕ್ತ ತೆಗೆಯುವಾಗ ಕೈ ಎಳೆದಾಡಿ, ಹನಿ ಹನಿಯಾಗಿ ಬಂದರೆ ಟ್ಯೂಬಿನಲ್ಲೇ ಸಣ್ಣಗೆ ಗಂಟು ಕಟ್ಟುತ್ತೆ. ಮೆಷಿನ್ ಆ ಗಂಟನ್ನು ಎಣಿಸಲ್ಲ, ಪ್ಲೇಟ್‌ಲೆಟ್ ಸುಮ್ಮನೆ ಕಮ್ಮಿ ತೋರಿಸುತ್ತೆ. 92 ಇದ್ದದ್ದು ಏಕಾಏಕಿ 15 ಅಂತ ಬಂದು ಮಗು ಚೆನ್ನಾಗೇ ಇದ್ದರೆ, ಸ್ಲೈಡ್ ಮೇಲೆ ಕಣ್ಣಲ್ಲಿ ನೋಡಿದ್ದೀರಾ ಅಂತ ಕೇಳಿ. ಕೇಳಿದರೆ ನಾವೇನೂ ಬೇಜಾರು ಮಾಡ್ಕೊಳ್ಳಲ್ಲ.

ಹುಬ್ಬಳ್ಳಿ ಮಕ್ಕಳ ಡಾಕ್ಟ್ರು · 10:31

ಅಕ್ಕಾರ, ನಿಮ್ಮ ಡಾಕ್ಟ್ರು ಹೇಳಿದ್ದು ಇವತ್ತಿನ ಮಟ್ಟಿಗೆ ಸರಿ ಐತಿ. ಆದ್ರ ಅದು *ಇವತ್ತಿನ* ಮಾತು. ನಾಳೆ, ನಾಡಿದ್ದಿನ ಮಾತು ಬ್ಯಾರೆ.

ಡೆಂಗಿ ಒಂದ ರೋಗ ಅಲ್ಲ ನೋಡ್ರಿ, ಮೂರು ಕಂತಿನ ರೋಗ. ಮೊದಲ ಮೂರ್ನಾಕು ದಿನ ಜ್ವರದ ಕಂತು. ಆಮ್ಯಾಲೆ ಜ್ವರ ಬಿಡತೈತಿ. ಮನ್ಯಾಗ ಎಲ್ಲಾರೂ ನಿಟ್ಟುಸಿರು ಬಿಡತಾರ. ಅಸಲಿ ಆಟ ಅಲ್ಲೇ ಶುರು. ಜ್ವರ ಬಿಟ್ಟ ಮ್ಯಾಲಿನ 24ರಿಂದ 48 ತಾಸು ರಕ್ತನಾಳದ ಗೋಡೆ ಸೋರತಾವ. ರಕ್ತದಾಗಿನ ನೀರು ಹೊಟ್ಟಿಗೆ, ಎದಿಗೆ ಇಳೀತದ. ನಾಳದಾಗ ಉಳಿದ ರಕ್ತ ಗಟ್ಟಿ ಆಗತದ. ಆ ಗಟ್ಟಿತನ ತೋರಸೋದ ಪಿಸಿವಿ. ನೀವು ಪ್ಲೇಟ್‌ಲೆಟ್ ಒಂದ ನೋಡಾಕತ್ತೀರಿ, ನಾವು ಪಿಸಿವಿ ನೋಡತೀವಿ. ನಿಮ್ಮ ಕೂಸಿಂದು 35 ಇತ್ತು. ಅದು 42 ದಾಟಿತು ಅಂದ್ರ ಶೇಕಡಾ 20 ಏರಿದಂಗ. ಆವಾಗ ಪ್ಲೇಟ್‌ಲೆಟ್ ಎಷ್ಟರ ಇರವಲ್ದ್ಯಾಕ, ಅಡ್ಮಿಟ್.

ಇವು ಒಂದ ಕಂಡರೂ ರಾತ್ರಿ ಎರಡಾಗಿದ್ರೂ ಹೊಂಡ್ರಿ: ಬಿಡದ ಹೊಟ್ಟಿ ನೋವು. ಮ್ಯಾಲಿಂದ ಮ್ಯಾಲೆ ವಾಂತಿ. ಮೂಗು, ವಸಡಿನಾಗ ರಕ್ತ, ಕರೀ ಮಲ. ಕೂಸು ಮಂಕಾಗೋದು, ಇಲ್ಲಾ ಸುಮ್ಮಸುಮ್ಮನ ಕಿರಿಕಿರಿ. ಕೈಕಾಲು ತಣ್ಣಗ. ಆರು ತಾಸಿನಾಗ ಒಮ್ಮೆನೂ ಒಂದಕ್ಕ ಹೋಗದಿದ್ರ.

ಪಪ್ಪಾಯಿ ಬಗ್ಗೆ ಜಗಳ ಆಡಂಗಿಲ್ಲ. ಪ್ಲೇಟ್‌ಲೆಟ್ ತುಸು ಲಗೂನ ಏರಿತು ಅನ್ನೋ ಸಣ್ಣ ಸಣ್ಣ ಅಧ್ಯಯನ ಅದಾವ. ಸೋರೋದನ್ನ ನಿಲ್ಲಸತದ ಅಂತ ಒಂದೂ ತೋರಿಸಿಲ್ಲ. ಏಳನೇ ದಿನ ಪ್ಲೇಟ್‌ಲೆಟ್ ತಾನಾಗೇ ಏರತದ, ಆ ಹೊತ್ತಿಗೆ ಯಾರ ಕೈಯಾಗ ಏನು ಇತ್ತೋ ಅದಕ್ಕ ಹೆಸರು ಬರತದ. ಆ ಕಹಿ ರಸ ಕುಡಿಸಿ ಕೂಸು ನಾಕು ಸಲ ವಾಂತಿ ಮಾಡಿದ್ರ, ಅದು ರೋಗದ ವಾಂತಿನೋ ರಸದ ವಾಂತಿನೋ ನನಗ ತಿಳಿಯೂದಿಲ್ಲ. ನನ್ನ ತಕರಾರು ಅಷ್ಟ.

ತುಮಕೂರಿನ ಅಮ್ಮ · 10:44

ಡಾಕ್ಟ್ರೇ, ಪುಣ್ಯ ಬರುತ್ತೆ ನಿಮಗೆ. ನೀರಿನಂಶ ಅಂದರೆ ಎಷ್ಟು? ಪ್ಯಾರಸಿಟಮಾಲ್ 5 ಎಂಎಲ್ ಕೊಡ್ತಿದ್ದೀನಿ. ಆ ಟೈಫಾಯ್ಡ್ ಔಷಧಿ ಮುಂದುವರಿಸಲಾ?

ಹುಬ್ಬಳ್ಳಿ ಮಕ್ಕಳ ಡಾಕ್ಟ್ರು · 10:58

5 ಎಂಎಲ್ ಅಂದ್ರ ಏನೂ ಹೇಳಿದಂಗಾಗಲಿಲ್ಲ. ಬಾಟ್ಲಿ ತಿರುವಿ ನೋಡ್ರಿ. 5 ಎಂಎಲ್‌ದಾಗ 120 ಮಿ.ಗ್ರಾಂ ಇರೋದೂ ಸಿಗತದ, 250 ಇರೋದೂ ಸಿಗತದ. ಸಣ್ಣ ಕೂಸಿನ ಡ್ರಾಪ್ಸ್ ಅಂತೂ ಒಂದ ಎಂಎಲ್‌ಗೆ 100. ಲೆಕ್ಕ ತೂಕದ ಮ್ಯಾಲೆ: ಒಂದು ಕೆ.ಜಿ.ಗೆ ಒಂದು ಸಲಕ್ಕ 10ರಿಂದ 15 ಮಿ.ಗ್ರಾಂ. 18 ಕೆ.ಜಿ.ಗೆ 180ರಿಂದ 270. ನಿಮ್ಮದು 250ರ ಬಾಟ್ಲಿ ಆಗಿದ್ರ 5 ಎಂಎಲ್ ಸರಿ. ಆರು ತಾಸಿಗೊಮ್ಮೆ, ದಿನಕ್ಕ ನಾಕ ಸಲ, ಮುಗೀತು. ಐಬುಪ್ರೊಫೇನ್, ಮೆಫೆನಾಮಿಕ್ ಆ್ಯಸಿಡ್, ಆಸ್ಪಿರಿನ್ ಯಾವುದೂ ಬ್ಯಾಡ. ಜ್ವರ ಇಳಿಸಿದಂಗ ಮಾಡಿ ಹೊಟ್ಟ್ಯಾಗ ರಕ್ತ ಸುರಸತಾವ. ಕೆಲವು ಸಿರಪ್ಪಿನ್ಯಾಗ ಪ್ಯಾರಸಿಟಮಾಲ್ ಜೋಡಿ ಅವನ್ನ ಬೆರೆಸಿರತಾರ, ಲೇಬಲ್ ಓದ್ರಿ.

ನೀರು: ಮೊದಲ 10 ಕೆ.ಜಿ.ಗೆ ತಲಾ 100 ಎಂಎಲ್, ಉಳಿದ 8 ಕೆ.ಜಿ.ಗೆ ತಲಾ 50. ಒಟ್ಟು 1,400 ಎಂಎಲ್. ಒಂದು ಲೀಟರ್ ಬಾಟ್ಲಿ, ಮ್ಯಾಲೆ ಎರಡು ಲೋಟ. ಬರೇ ನೀರಲ್ಲ: ಓಆರ್‌ಎಸ್, ಎಳನೀರು, ಉಪ್ಪು ಹಾಕಿದ ಮಜ್ಜಿಗಿ, ಗಂಜಿ ತಿಳಿ. ದಾಳಿಂಬೆ, ಬೀಟ್‌ರೂಟ್, ಕಪ್ಪು ಸೋಡಾ ಈ ವಾರ ಬಿಡ್ರಿ. ವಾಂತಿ ಕೆಂಪಗ ಬಂದ್ರ ಹಣ್ಣಿಂದೋ ರಕ್ತದ್ದೋ ಅಂತ ರಾತ್ರಿ ಹನ್ನೆರಡಕ್ಕ ಕುಂತು ಲೆಕ್ಕ ಹಾಕೋದು ಯಾರಿಗೆ ಬೇಕು.

ಇನ್ನ ವಿಡಾಲ್. ಜ್ವರ ಬಂದು ಎರಡನೇ ದಿನಕ್ಕ ವಿಡಾಲ್ ಮಾಡೋದ ತಪ್ಪು. ಟೈಫಾಯ್ಡ್ ಇದ್ರೂ ಮೊದಲ ವಾರ ಅದರಾಗ ಕಾಣೂದಿಲ್ಲ, ಇಲ್ಲದಿದ್ರೂ ಹಳೇ ಸೋಂಕಿಂದೋ ಬ್ಯಾರೆ ಜ್ವರದಿಂದೋ ಪಾಸಿಟಿವ್ ಬಂದಿರತದ. ಖರೇವಂದ್ರೂ ಟೈಫಾಯ್ಡ್ ಅನುಮಾನ ಇದ್ರ ಆ್ಯಂಟಿಬಯೋಟಿಕ್ ಶುರು ಮಾಡೋ ಮುಂಚೆ ಬ್ಲಡ್ ಕಲ್ಚರ್ (ರಕ್ತದಾಗಿನ ರೋಗಾಣು ಬೆಳೆಸಿ ನೋಡೋ ಪರೀಕ್ಷೆ) ಕಳಸಬೇಕು. ಔಷಧ ಬಿಡೋದು ಹಿಡಿಯೋದು ನಿಮ್ಮ ಡಾಕ್ಟ್ರನ್ನ ಕೇಳ್ರಿ. ಕೂಸನ್ನ ಕೈಯಾರೆ ನೋಡಿದವರು ಅವರು, ನಾನಲ್ಲ.

ಸಾಗರದ ಕಡೆಯವಳು · 11:20

ವಿಷಯ ತಪ್ಪಿಸ್ತಿಲ್ಲ, ಆದರೂ ಹೇಳ್ತೀನಿ. ನಮ್ಮ ಕಡೆ ಮಕ್ಕಳಿಗೆ ಜ್ವರ, ಪ್ಲೇಟ್‌ಲೆಟ್ ಕಡಿಮೆ ಅಂದ ತಕ್ಷಣ ಡೆಂಗಿ ಅಂತ ಬರೆದು ಮುಗಿಸೋ ಹಾಗಿಲ್ಲ. ಬೇಸಿಗೆ ಹತ್ತಿರ ಬಂತೆಂದರೆ ಮೊದಲ ಪ್ರಶ್ನೆಯೇ "ಕಾಡಿಗೆ ಹೋಗಿದ್ರಾ, ಮಂಗ ಸತ್ತಿದೆಯಾ". ಮಂಗನ ಕಾಯಿಲೆ 1957ರಲ್ಲಿ ಕಂಡದ್ದೇ ನಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ. ಉಣುಗಿನಿಂದ ಬರೋದು.

ನನ್ನ ಮಗನದು ಅದೂ ಅಲ್ಲ. ಹೋದ ಮಳೆಗಾಲ ಎಂಟು ದಿನ ಜ್ವರ, ಎನ್‌ಎಸ್1 ನೆಗೆಟಿವ್, ಪ್ಲೇಟ್‌ಲೆಟ್ 70 ಸಾವಿರ. ಎರಡು ಕಡೆ ತೋರಿಸಿ ಸಾಕಾಗಿತ್ತು. ಮೂರನೆಯವರು ವಯಸ್ಸಾದ ಡಾಕ್ಟರು, ಅಂಗಿ ಚಡ್ಡಿ ಎಲ್ಲ ಬಿಚ್ಚಿಸಿ ಕಂಕುಳು, ತೊಡೆಸಂದು, ಕಿವಿಯ ಹಿಂದೆ ಟಾರ್ಚ್ ಹಾಕಿ ಹುಡುಕಿದರು. ಎಡಗಂಕುಳಲ್ಲಿ ಸಿಗರೇಟಿನಿಂದ ಸುಟ್ಟ ಹಾಗೆ ಕಪ್ಪು ಹಕ್ಕಳೆ, ಸುತ್ತ ಕೆಂಪು. ನೋವಿಲ್ಲ, ತುರಿಕೆ ಇಲ್ಲ, ದಿನಾ ಸ್ನಾನ ಮಾಡಿಸೋ ನಾನೇ ನೋಡಿರಲಿಲ್ಲ. ಸ್ಕ್ರಬ್ ಟೈಫಸ್. ಹುಲ್ಲು, ಪೊದೆಯಲ್ಲಿರೋ ಕಣ್ಣಿಗೆ ಕಾಣದ ನುಸಿ ಕಚ್ಚಿ ಬರೋದಂತೆ. ಡಾಕ್ಸಿಸೈಕ್ಲಿನ್ ಶುರು ಮಾಡಿ ಎರಡು ದಿನಕ್ಕೆ ಜ್ವರ ಮಾಯ. ಹಲ್ಲು ಹಳದಿಯಾಗುತ್ತೆ ಅಂತ ಮೆಡಿಕಲ್ ಶಾಪಿನವನು ಹೆದರಿಸಿದ. ಏನೂ ಆಗಲಿಲ್ಲ.

ಹುಬ್ಬಳ್ಳಿ ಮಕ್ಕಳ ಡಾಕ್ಟ್ರು · 11:34

ಆ ಹಿರಿಯರಿಗೆ ನನ್ನ ನಮಸ್ಕಾರ ಹೇಳ್ರಿ. ಬಟ್ಟಿ ಬಿಚ್ಚಿ ನೋಡೋದಕ್ಕ ದುಡ್ಡು ಬೀಳೂದಿಲ್ಲ, ಆದ್ರೂ ನಾವು ಹೆಚ್ಚಿನವರು ಅದನ್ನ ಬಿಟ್ಟು ಟೆಸ್ಟ್ ಬರೀತೀವಿ. ಹಲ್ಲಿನ ಅಂಜಿಕಿ ಹಳೇ ಟೆಟ್ರಾಸೈಕ್ಲಿನ್ ಕಾಲದ್ದು. ಒಂದು ವಾರದ ಡಾಕ್ಸಿಸೈಕ್ಲಿನ್ನಿಗೆ ಹಂಗಾಗೂದಿಲ್ಲ.

ಕರಾವಳಿ ಅಕ್ಕ · ಬುಧವಾರ ಬೆಳಿಗ್ಗೆ 7:15

ತುಮಕೂರಿನವರೇ, ಮಗು ಹೇಗುಂಟು ಈಗ? ನಿನ್ನೆ ರಾತ್ರಿಯೇ ಬರೀಬೇಕು ಅಂತ ಇದ್ದೆ, ನಿದ್ದೆ ಬಂತು ಮಾರ್ರೆ.

ತುಮಕೂರಿನ ಅಮ್ಮ · 8:05

ದೇವರ ದಯೆ, ಇವತ್ತು ಬೆಳಿಗ್ಗೆ ಜ್ವರವೇ ಇಲ್ಲ! 98.4. ರಾತ್ರಿ ಕೊಟ್ಟ ಔಷಧಿಯ ಮೇಲೆ ಮತ್ತೆ ಕೊಡಲೇ ಇಲ್ಲ. ಅತ್ತೆ ದೃಷ್ಟಿ ತೆಗೆದು, ಮೆಣಸಿನಕಾಯಿ ಒಲೆಗೆ ಹಾಕಿ, ಈಗ ಸಕ್ಕರೆ ಹಂಚುತ್ತಿದ್ದಾರೆ. ಇವತ್ತು ರಕ್ತ ಪರೀಕ್ಷೆಗೆ ಹೋಗಲೇಬೇಕಾ? ಸೂಜಿ ಅಂದರೆ ಬಿಕ್ಕಿ ಬಿಕ್ಕಿ ಅಳುತ್ತಾಳೆ.

ಒಬ್ಬ ಅಪ್ಪ · 8:11

ಹೋಗಿ. ದಯವಿಟ್ಟು ಹೋಗಿ.

ನನ್ನ ಅಕ್ಕನ ಮಗ, ಒಂಬತ್ತು ವರ್ಷ. ಐದನೇ ದಿನ ಜ್ವರ ಬಿಟ್ಟಿತು ಅಂತ ನಾವೇ ಆಸ್ಪತ್ರೆಯಿಂದ ಬಿಡಿಸಿಕೊಂಡು ಬಂದೆವು. ಬೇಡ ಅಂದವರ ಮಾತು ಕೇಳದೆ, ಸಹಿ ಹಾಕಿ. ಸಂಜೆ ಅವನು ಹೊಟ್ಟೆ ನೋವು ಅಂದ. ಅಕ್ಕ ಇಂಗು ಹಚ್ಚಿದಳು. ಕೈ ತಣ್ಣಗಿದೆ ಅಂದಾಗ ಜ್ವರ ಪೂರ್ತಿ ಇಳೀತು ಅಂದುಕೊಂಡೆವು. ರಾತ್ರಿ ಹನ್ನೊಂದಕ್ಕೆ ಮಾತಾಡುತ್ತಲೇ ಇದ್ದ, ನೀರು ಕೇಳಿದ, ಅಮ್ಮನ ಹೆಸರು ಹೇಳಿದ. ಶಾಕ್‌ನಲ್ಲಿರೋ, ಅಂದರೆ ಮೈಗೆ ಸಾಕಷ್ಟು ರಕ್ತ ಹರಿಯದ ಮಗು ಕೊನೆಯವರೆಗೂ ಮಾತಾಡುತ್ತೆ ಅಂತ ನಮಗೆ ಗೊತ್ತಿರಲಿಲ್ಲ. ಬೆಳಗಿನ ಜಾವ ಐಸಿಯು ಸೇರಿಸಿದಾಗ ತಡವಾಗಿತ್ತು.

ಇದಕ್ಕಿಂತ ಹೆಚ್ಚು ಬರೆಯಲಾರೆ.

ಹುಬ್ಬಳ್ಳಿ ಮಕ್ಕಳ ಡಾಕ್ಟ್ರು · 8:40

ಅಣ್ಣಾವ್ರ, ಇದನ್ನ ಬರೆದದ್ದಕ್ಕ ನಿಮಗ ಕೈ ಮುಗೀತೀನಿ.

ಅಕ್ಕಾರ, ನಾ ನಿನ್ನೆ ಹೇಳಿದ ದಿನ ಇವತ್ತ. ರಕ್ತ ಕೊಡ್ರಿ. ಹಂಗ ಎರಡು ತಾಸಿಗೊಮ್ಮೆ ಕೂಸಿನ ಹೆಬ್ಬೆರಳಿನ ಉಗುರು ಒತ್ತಿ ಬಿಡ್ರಿ. ಬೆಳ್ಳಗಾದದ್ದು ಎರಡು ಸೆಕೆಂಡಿನೊಳಗ ಮತ್ತ ಕೆಂಪಾಗಬೇಕು. ಪಾದ ಮುಟ್ಟಿ ನೋಡ್ರಿ. ಎಷ್ಟು ಕುಡಿದಳು, ಎಷ್ಟು ಸಲ ಒಂದಕ್ಕ ಹೋದಳು, ಹಾಳ್ಯಾಗ ಬರೀರಿ. ಬಾಯಿಲೆಕ್ಕ ಬ್ಯಾಡ.

ದುಬೈ ಕನ್ನಡಿಗ · 12:30

ನಮ್ಮ ಕುಟುಂಬ ಜುಲೈನಲ್ಲಿ ಮಂಗಳೂರಿಗೆ ಬರ್ತಾ ಇದೆ, ಮಕ್ಕಳಿಬ್ಬರು. ಲಸಿಕೆ ಏನಾದರೂ ಇದೆಯಾ?

ಲ್ಯಾಬ್ ಹುಡುಗ · 1:05

ಅದು ಅಷ್ಟು ಸಲೀಸಲ್ಲ ಸಾರ್. ಡೆಂಗಿ ವೈರಸ್ ನಾಲ್ಕು ಬಗೆ. ಒಂದು ಸಲ ಒಂದು ಬಗೆ ಬಂದು ಹೋಗಿ, ಎರಡನೇ ಸಲ ಬೇರೆ ಬಗೆ ಬಂದರೆ ರೋಗ ಜೋರಾಗುವ ಅಪಾಯ ಹೆಚ್ಚು. ಮೊದಲ ಸಲದ ಪ್ರತಿಕಾಯಗಳೇ ಹೊಸ ವೈರಸ್ಸಿಗೆ ಬಾಗಿಲು ತೆಗೆದ ಹಾಗೆ. 2016ರಲ್ಲಿ ಫಿಲಿಪೈನ್ಸ್‌ನಲ್ಲಿ ಶಾಲಾ ಮಕ್ಕಳಿಗೆ ಡೆಂಗ್‌ವ್ಯಾಕ್ಸಿಯಾ ಅನ್ನೋ ಲಸಿಕೆ ಕೊಟ್ಟು 2017ರಲ್ಲಿ ನಿಲ್ಲಿಸಿದ್ದು ಇದಕ್ಕೇ. ಮೊದಲೆಂದೂ ಡೆಂಗಿ ಬಾರದ ಮಕ್ಕಳಿಗೆ ಲಸಿಕೆಯೇ ಮೊದಲ ಸೋಂಕಿನ ಹಾಗೆ ಆಗಿಬಿಟ್ಟಿತ್ತು. ನಮ್ಮ ದೇಶದಲ್ಲೇ ತಯಾರಾದ ಡೆಂಗಿಆಲ್ ಲಸಿಕೆಯ ಮೂರನೇ ಹಂತದ ಪ್ರಯೋಗವನ್ನು ಐಸಿಎಂಆರ್ ಮತ್ತು ಪ್ಯಾನೇಸಿಯಾ ಬಯೋಟೆಕ್ 2024ರ ಆಗಸ್ಟಿನಲ್ಲಿ ರೋಹ್ಟಕ್‌ನಲ್ಲಿ ಶುರು ಮಾಡಿದವು, ಹತ್ತು ಸಾವಿರಕ್ಕೂ ಹೆಚ್ಚು ವಯಸ್ಕರ ಮೇಲೆ. ಜುಲೈಗೆ ಬರೋ ಮಕ್ಕಳಿಗೆ ಉದ್ದ ತೋಳಿನ ಅಂಗಿ ತನ್ನಿ. ಈ ಸೊಳ್ಳೆ ಹಗಲು ಕಚ್ಚೋದು, ರಾತ್ರಿ ಪರದೆ ಕಟ್ಟಿದರೆ ಸಾಲದು.

ತುಮಕೂರಿನ ಅಮ್ಮ · ಬುಧವಾರ ರಾತ್ರಿ 11:10

ಆಸ್ಪತ್ರೆಯಿಂದ ಬರೀತಿದ್ದೀನಿ.

ಸಂಜೆ ಐದಕ್ಕೆ ಹೊಟ್ಟೆ ನೋವು ಶುರುವಾಯ್ತು. ಬಲಗಡೆ ಪಕ್ಕೆ ಕೆಳಗೆ ಮುಟ್ಟಿದರೆ ಚೀರುತ್ತಾಳೆ. ಎರಡು ಸಲ ವಾಂತಿ. ಪಾದ ಮುಟ್ಟಿದೆ, ಫ್ರಿಜ್ಜಿನಿಂದ ತೆಗೆದ ಹಾಗೆ. ಬೆಳಿಗ್ಗೆ ಹನ್ನೊಂದರಿಂದ ಮೂತ್ರಕ್ಕೆ ಹೋಗಿಲ್ಲ ಅಂತ ಹಾಳೆಯಲ್ಲಿ ಬರೆದದ್ದು ನೋಡಿದಾಗಲೇ ಗೊತ್ತಾದದ್ದು. ಅತ್ತೆಯೇ "ಏಳು, ಆಟೋ ಕರಿ" ಅಂದರು. ಪ್ಲೇಟ್‌ಲೆಟ್ 41,000, ಪಿಸಿವಿ 43. ಬಿಪಿ 96/70. ಡ್ರಿಪ್ ಹಾಕಿದ್ದಾರೆ. ಪ್ಲೇಟ್‌ಲೆಟ್ ಹಾಕಲ್ಲ ಅಂದರು. ಮೈದುನ ಕಾರಿಡಾರಲ್ಲಿ ಕೂಗಾಡುತ್ತಿದ್ದಾರೆ, ಬ್ಲಡ್ ಬ್ಯಾಂಕಿನಲ್ಲಿ ನಾಲ್ಕು ಜನ ಗೆಳೆಯರನ್ನು ನಿಲ್ಲಿಸಿದ್ದಾರಂತೆ.

ಹುಬ್ಬಳ್ಳಿ ಮಕ್ಕಳ ಡಾಕ್ಟ್ರು · 11:26

ಸರಿಯಾದ ಹೊತ್ತಿಗೆ ಹೋಗೀರಿ. ಅಂಜಬ್ಯಾಡ್ರಿ.

ಮೈದುನಗ ಇದನ್ನ ಓದಿ ಹೇಳ್ರಿ: ರಕ್ತ ಸುರಿಯದಿದ್ರ ಪ್ಲೇಟ್‌ಲೆಟ್ ಹಾಕಿ ಉಪಯೋಗ ಇಲ್ಲ. ಹಾಕಿದ ಪ್ಲೇಟ್‌ಲೆಟ್ಟನ್ನೂ ರೋಗ ಕೆಲವು ತಾಸಿನಾಗ ನುಂಗತದ. ಮ್ಯಾಲೆ ಅದರ ಜೋಡಿ ಹೋಗೋ ನೀರು ಕೂಸಿಗೆ ಭಾರ. ರಕ್ತಸ್ರಾವ ಆದ್ರ, ಇಲ್ಲಾ 10,000ದ ಕೆಳಗ ಇಳಿದ್ರ ಡಾಕ್ಟ್ರು ತಾವಾಗೇ ವಿಚಾರ ಮಾಡತಾರ. ಈ ಕೂಸಿಗೆ ಈಗ ಔಷಧ ಅಂದ್ರ ಉಪ್ಪುನೀರು, ತೂಕಕ್ಕ ತಕ್ಕಂಗ, ತಾಸಿಗೆ ಇಷ್ಟು ಎಂಎಲ್ ಅಂತ ಅಳದು. ಕಡಿಮಿ ಆದ್ರ ಶಾಕ್. ಹೆಚ್ಚಾದ್ರ ಎದ್ಯಾಗ ನೀರು. ಎರಡು ದಿನದ ಮ್ಯಾಲೆ ಸೋರಿದ ನೀರೆಲ್ಲ ತಿರುಗಿ ನಾಳಕ್ಕ ಬರತದ, ಆವಾಗ ಡ್ರಿಪ್ ನಿಲ್ಲಸಲೇಬೇಕು. "ಇನ್ನೊಂದು ಬಾಟ್ಲಿ ಹಾಕ್ರಿ ಸಾಹೇಬ್ರ, ಸುಸ್ತು ಐತಿ" ಅಂತ ಒತ್ತಾಯ ಮಾಡಬ್ಯಾಡ್ರಿ.

ಇದನ್ನೆಲ್ಲ ಜಗತ್ತಿಗೆ ಕಲಿಸಿದವರು ಬ್ಯಾಂಕಾಕಿನ ಮಕ್ಕಳ ಆಸ್ಪತ್ರೆಯವರು, ಡಾ. ಸುಚಿತ್ರಾ ನಿಮ್ಮಾನಿತ್ಯ ಮತ್ತ ಅವರ ಜೋಡಿ ದುಡದವರು. ಯಾವ ಹೊಸ ಔಷಧನೂ ಅಲ್ಲ. ಹಾಸಿಗಿ ಬಾಜೂಕ ಕುಂತು ನಾಡಿ, ಬಿಪಿ, ಪಿಸಿವಿ, ಉಚ್ಚಿ ಬರದಿಟ್ಟು ನೀರು ಏರಿಸಿ ಇಳಿಸಿದ್ದು. ಉಪಚಾರ ಇಲ್ಲದಿದ್ರ ತೀವ್ರ ಡೆಂಗಿಯೊಳಗ ನೂರಕ್ಕ ಇಪ್ಪತ್ತರತನಕ ಸಾಯತಿದ್ರು. ಸರಿಯಾಗಿ ನೋಡಕೊಂಡ್ರ ಒಂದಕ್ಕಿಂತ ಕಡಿಮಿ.

ಪ್ರಕೃತಿ ಪ್ರಿಯ · 11:48

ನಾನು ನಿನ್ನೆ ಹೇಳಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ ತಂಗಿ. ಒಳ್ಳೇದಕ್ಕೇ ಹೇಳಿದ್ದು. ಮಗು ಹುಷಾರಾಗಲಿ.

ಕರಾವಳಿ ಅಕ್ಕ · ಗುರುವಾರ 6:50

ಎದ್ದ ಕೂಡಲೇ ಇದನ್ನೇ ನೋಡಿದ್ದು. ಏನಾಯ್ತು?

ತುಮಕೂರಿನ ಅಮ್ಮ · ಗುರುವಾರ ಸಂಜೆ 4:20

ರಾತ್ರಿ ನಾಲ್ಕು ಸಲ ಪಿಸಿವಿ ನೋಡಿದರು. 43, 42, 40, 40. ಬೆಳಗಿನ ಜಾವ ಮೂರೂವರೆಗೆ ಎದ್ದು "ಅಮ್ಮಾ ಸುಸ್ಸು" ಅಂದಳು. ನರ್ಸಮ್ಮ ಬೆಡ್‌ಪ್ಯಾನ್ ಅಳತೆ ಪಾತ್ರೆಗೆ ಸುರಿದು ನೋಡಿ, 150 ಎಂಎಲ್ ಅಂತ ಹೇಳಿ ನನ್ನ ಕಡೆ ನೋಡಿ ನಕ್ಕರು. ಮೂತ್ರ ನೋಡಿ ಅಳು ಬರುತ್ತೆ ಅಂತ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. ಪ್ಲೇಟ್‌ಲೆಟ್ 28,000ಕ್ಕೆ ಇಳಿದಿದೆ, ಆದರೆ ಪಾದ ಬೆಚ್ಚಗಿದೆ. ಈಗ ನನಗೆ ಪಾದವೇ ಸಾಕು.

ತುಮಕೂರಿನ ಅಮ್ಮ · ಶನಿವಾರ ಮಧ್ಯಾಹ್ನ 1:15

ನಿನ್ನೆ ಡ್ರಿಪ್ ತೆಗೆದರು. ಇವತ್ತು ಪ್ಲೇಟ್‌ಲೆಟ್ 71,000, ಪಿಸಿವಿ 36, ಮನೆಗೆ ಬಂದೆವು. ಅನ್ನ, ತಿಳಿಸಾರು ಕೇಳಿ ತಿಂದಳು. ಒಂದೇ ಪ್ರಶ್ನೆ, ಕಾಲಿಗೆಲ್ಲ ಕೆಂಪು ದದ್ದು, ಅದರ ನಡುನಡುವೆ ಬಿಳಿ ಬಿಳಿ ಚುಕ್ಕೆ. ಅಂಗೈ ಅಂಗಾಲು ವಿಪರೀತ ತುರಿಕೆ.

ಹುಬ್ಬಳ್ಳಿ ಮಕ್ಕಳ ಡಾಕ್ಟ್ರು · 1:40

ಅದು ಹೋಗಾಕತ್ತ ರೋಗದ ಗುರುತು. ಎರಡ್ಮೂರು ದಿನ ಇರತದ. ಉಗುರು ಕತ್ತರಿಸ್ರಿ, ಕೊಬ್ಬರಿ ಎಣ್ಣಿ ಹಚ್ಚ್ರಿ.

ಆಶಾ ಕಾರ್ಯಕರ್ತೆ, ಮಂಡ್ಯ ಕಡೆ · 5:55

ಈಗ ಮಗು ಹುಷಾರಾಯ್ತಲ್ಲ, ನನ್ನ ಪ್ರಶ್ನೆ ಕೇಳ್ಬೋದಾ? ಮನೇಲಿ ಸೊಳ್ಳೆ ಮರಿ ಎಲ್ಲಿತ್ತು, ಹುಡುಕಿದ್ರಾ? ನಾವು ಮನೆ ಬಾಗ್ಲಿಗೆ ಬಂದು ಡ್ರಮ್ಮು ನೋಡ್ತೀವಿ ಅಂದ್ರೆ "ನಮ್ಮನೆ ಕ್ಲೀನಾಗದೆ, ಚರಂಡಿ ನೋಡ್ಕೊಳಿ ಹೋಗಿ" ಅಂತ ಗೇಟಿಂದಾನೇ ಕಳಿಸ್ತಾರೆ. ಈ ಸೊಳ್ಳೆಗೆ ಚರಂಡಿ ಬೇಡ, ಒಳ್ಳೆ ನೀರೇ ಬೇಕು. 2024ರ ಸೆಪ್ಟೆಂಬರಲ್ಲಿ ಸರ್ಕಾರ ಡೆಂಗಿನ ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಮರಿ ಸಿಕ್ಕ ಮನೆಗೆ ದಂಡ ಹಾಕ್ಬೋದು ಅಂತ ಮಾಡ್ತು. ದಂಡ ಹಾಕೋಕೆ ನಮಗೇನು ಖುಷಿನಾ? ಅದೇ ಊರಲ್ಲಿ ಬಾಳ್ಬೇಕಲ್ವಾ ನಾವೂ. ವಾರಕ್ಕೊಂದ್ಸಲ ನೀರು ಚೆಲ್ಲಿ, ಡ್ರಮ್ಮಿನ ಒಳಗೋಡೆ ಉಜ್ಜಿ ತೊಳೀಬೇಕು. ಬರೀ ಚೆಲ್ಲುದ್ರೆ ಆಗಲ್ಲ, ಮೊಟ್ಟೆ ಗೋಡೆಗೆ ಅಂಟ್ಕೊಂಡಿರ್ತವೆ, ಒಣಗಿದ್ರೂ ತಿಂಗಳುಗಟ್ಟಲೆ ಸಾಯಲ್ಲ.

ತುಮಕೂರಿನ ಅಮ್ಮ · ಭಾನುವಾರ 10:30

ಅಕ್ಕ, ನಿಮ್ಮ ಮಾತು ಓದಿ ನಮ್ಮನೆಯವರು ಬೆಳಿಗ್ಗೆಯಿಂದ ಟಾರ್ಚ್ ಹಿಡಿದು ಹುಡುಕಿದರು. ನೀರಿನ ಸಂಪ್‌ಗೆ ಮುಚ್ಚಳವಿದೆ, ಡ್ರಮ್ಮು ಖಾಲಿ, ಹೂಕುಂಡದ ತಟ್ಟೆ ಒಣಗಿತ್ತು. ಕೊನೆಗೆ ಫ್ರಿಜ್ ಎಳೆದರೆ ಹಿಂದುಗಡೆ ಕೆಳಗೆ ಒಂದು ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ ಎರಡು ಬೆರಳು ನೀರು. ಇಂಥದ್ದೊಂದು ಇದೆ ಅಂತಲೇ ಎಂಟು ವರ್ಷದಿಂದ ಗೊತ್ತಿರಲಿಲ್ಲ. ಬೆಳಕು ಬಿಟ್ಟ ತಕ್ಷಣ ಸಣ್ಣ ಸಣ್ಣ ಹುಳು ತಲೆಕೆಳಗಾಗಿ ಕುಣಿದುಕೊಂಡು ತಳಕ್ಕೆ ಓಡಿದವು. ಮಗಳು ಚಾಪೆ ಹಾಸಿ ಹೋಂವರ್ಕ್ ಮಾಡೋ ಜಾಗಕ್ಕೂ ಆ ತಟ್ಟೆಗೂ ನಾಲ್ಕು ಅಡಿ.

ಆಶಾ ಕಾರ್ಯಕರ್ತೆ, ಮಂಡ್ಯ ಕಡೆ · 10:52

ಆ ನೀರ್ನ ಬಚ್ಚಲಿಗೆ ಸುರೀಬೇಡಿ, ಒಣ ಮಣ್ಣಿನ ಮೇಲೆ ಚೆಲ್ಲಿ. ತಟ್ಟೆ ಸೋಪು ಹಾಕಿ ಉಜ್ಜಿ.

ಅರಸೀಕೆರೆ 2 ಮಕ್ಕಳ ತಾಯಿ · 11:40

ಎಲ್ಲರಿಗೂ ನಮಸ್ತೆ, ಈಗಷ್ಟೇ ಸೇರಿದೆ. ನನ್ನ ಮಗನಿಗೆ ಮೂರು ದಿನದಿಂದ ಜ್ವರ, ಡೆಂಗಿ ಕಾರ್ಡ್ ಟೆಸ್ಟ್ ನೆಗೆಟಿವ್, ಪ್ಲೇಟ್‌ಲೆಟ್ 1,10,000. ನೆಗೆಟಿವ್ ಅಂದ ಮೇಲೆ ಡೆಂಗಿ ಅಲ್ಲ ತಾನೇ?

ಹುಬ್ಬಳ್ಳಿ ಮಕ್ಕಳ ಡಾಕ್ಟ್ರು · 11:46

ಕಾರ್ಡ್ ನೆಗೆಟಿವ್ ಬಂದ್ರೂ ಇರಬಹುದು. ಹೊಸಾ ಚರ್ಚೆ ತೆರೀರಿ ತಂಗಿ. ತೂಕ ಎಷ್ಟು, ಪಿಸಿವಿ ಎಷ್ಟು, ಕಡೀಕ ಒಂದಕ್ಕ ಹೋದದ್ದು ಎಷ್ಟು ಗಂಟೇಕ, ಬರೀರಿ. ಅಷ್ಟರಾಗ ನಾ ಊಟ ಮಾಡಿ ಬರತೀನಿ.